ನೇರಳೆ ರೆಂಬೆಯ ಉಳಿದರ್ಧ

2025ರ ಡಿಸೆಂಬರ್ 8, ಸೋಮವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಮುಲುಂಡಿನ ಠಾಣೆಗೆ ಹೂವಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಂದಳು. ಬುಟ್ಟಿಯನ್ನು ಬಾಗಿಲ ಹೊರಗಿಟ್ಟು, ಅದರ ಮೇಲೊಂದು ಒದ್ದೆ ಬಟ್ಟೆ ಹೊದಿಸಿ, ಆಮೇಲೆ ಒಳಗೆ ಕಾಲಿಟ್ಟಳು.

ಇನ್ಸ್‌ಪೆಕ್ಟರ್ ಗುರಲಿಂಗಪ್ಪ ಬಿರಾಜದಾರ ಆಗಷ್ಟೇ ಕುರ್ಚಿಗೆ ಬಂದಿದ್ದರು. ಅಕ್ಕಲಕೋಟೆ ಸೀಮೆಯವರು, ಮುಂಬಯಿ ಪೊಲೀಸಿನಲ್ಲಿ ಇಪ್ಪತ್ತಾರು ವರ್ಷ ಸವೆಸಿದವರು. ಬೆಳಗಿನ ಲಿಂಗಪೂಜೆ ಮುಗಿಸದೆ ಮನೆಯ ಹೊಸ್ತಿಲು ದಾಟುವವರಲ್ಲ. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

"ಕೂಡ್ರವ್ವಾ. ಏನಾಗೇದ?"

"ಮಗಳು ಬಂದಿಲ್ರೀ ಸಾಹೇಬ್ರ. ನಿನ್ನೆ ಗುಡ್ಡ ಹತ್ತಾಕ ಹೋದಾಕಿ."

ಹೆಸರು ನಾಗರತ್ನಾ. ಮೂಲ ವಿಜಯಪುರದ ಕಡೆ, ಈಗ ಮುಲುಂಡಿನ ಚಾಳಿನ ಒಂದು ಕೋಣೆ. ದಿನಾ ಲೋಕಲ್ ರೈಲು ಹತ್ತಿ ಮಾಟುಂಗಕ್ಕೆ ಹೋಗಿ, ದೇವಸ್ಥಾನದ ಎದುರು ಹೂ ಕಟ್ಟಿ ಮಾರುತ್ತಾಳೆ. ಮಗಳು ಅನುರಾಧಾ, ಇಪ್ಪತ್ನಾಲ್ಕು ವರ್ಷ, ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ. ಭಾನುವಾರ ನಸುಕಿನಲ್ಲಿ ಚಾರಣಿಗರ 'ಏಳುಗುಡ್ಡ ಬಳಗ'ದ ಬಸ್ಸಿನಲ್ಲಿ ಹೋದವಳು. ಮೇಲಿನ ಕಣಿವೆಯ ಆಂಬೋಳದಿಂದ ಘಟ್ಟ ದಾಟಿ ಕೆಳಗಿನ ಕಣಿವೆಯ ಖಡಕವಾಡಿಗೆ ಇಳಿಯುವ ಚಾರಣ. ಬಸ್ಸು ರಾತ್ರಿ ಎಂಟಕ್ಕೇ ಮುಲುಂಡಿಗೆ ಬಂದಿತ್ತು. ಮಗಳು ಬಂದಿರಲಿಲ್ಲ.

"ಬಳಗದವರನ್ನ ಕೇಳಿದೇನು?"

"ಮೋನಪ್ಪಣ್ಣಗ ಫೋನ್ ಮಾಡಿದ್ನಿ. ಕಲ್ಯಾಣದಾಗ ಇಳಿದಾಳ ಅಂದ. ಕಲ್ಯಾಣದಾಗ ನಮಗ ಯಾರದಾರ ಸಾಹೇಬ್ರ?"

ಮಹಿಳಾ ಕಾನ್‌ಸ್ಟೆಬಲ್ ನಮಿತಾ ಕಾಣೆಯಾದವರ ವಹಿಯಲ್ಲಿ ದೂರು ಬರೆದುಕೊಂಡಳು. ಏಳು ಐವತ್ತಕ್ಕೆ ಬಳಗದ ಮುಂದಾಳು ಮೋನಪ್ಪ ಠಾಣೆಯಲ್ಲಿದ್ದ.

ಕಾರ್ಕಳದ ಕಡೆಯವನು, ಐವತ್ತರ ಆಸುಪಾಸು, ಬಿಸಿಲಿಗೆ ಕಂದಿದ ಮುಖ. ಮೈಮೇಲೆ ಬಳಗದ ಹಸಿರು ಟೀ ಶರ್ಟು. ಬೆನ್ನ ಮೇಲೆ ದಪ್ಪಕ್ಷರದಲ್ಲಿ ಹೀಗೆ ಅಚ್ಚಾಗಿತ್ತು: 'ಹದಿನೈದು ವರ್ಷ. ಹೋದವರೆಲ್ಲ ಬಂದವರೇ.'

"ಎಷ್ಟು ಮಂದಿ ಹೋಗಿದ್ರಿ?"

"ನಾನೂ ಸೇರಿ ಹದಿನೆಂಟು ಸರ್."

"ಬಂದವರು?"

"ಹದಿನೆಂಟು. ಇಗೊಳ್ಳಿ, ಪಟ್ಟಿ ಉಂಟು. ಹೋಗುವಾಗ ಒಂದು ಸೈನು, ಬರುವಾಗ ಒಂದು ಸೈನು."

ಪಟ್ಟಿಯಲ್ಲಿ ಅನುರಾಧಾಳ ಎದುರು ಎರಡೂ ಸಹಿ ಇದ್ದವು.

"ಕಲ್ಯಾಣದಾಗ ಎಷ್ಟಕ್ಕ ಇಳಿದಳು?"

"ಆರೂವರೆ ಆಗಿರಬಹುದು. ಸ್ಟೇಷನ್ ಹತ್ತಿರ. ಟ್ರಾಫಿಕ್ ಜಾಸ್ತಿ ಅಲ್ವಾ, ಲೋಕಲ್‌ನಲ್ಲಿ ಬೇಗ ಹೋಗ್ತೇನೆ ಅಂದ್ಲು."

ಉತ್ತರ ನೀರಿನ ಹಾಗೆ ಹರಿಯಿತು. ಕಲ್ಲಿಗೆ ತಾಗದೆ ಹರಿಯುವ ನೀರು ನಲ್ಲಿಯದ್ದೇ ಇರಬೇಕು ಎಂದು ಗುರಲಿಂಗಪ್ಪನವರ ಅಜ್ಜಿ ಹೇಳುತ್ತಿದ್ದಳು.

ಆದರೂ ಕಲ್ಯಾಣವನ್ನು ನೋಡದೆ ಬಿಡುವಂತಿರಲಿಲ್ಲ. ಹೇಳಿಕೆ ಇದೆ, ಸಹಿ ಇದೆ. ಎಂಟೂಕಾಲಿಗೆ ರೈಲ್ವೆ ಪೊಲೀಸರಿಗೆ ಫೋಟೋ ಹೋಯಿತು. ಆರರಿಂದ ಏಳೂವರೆವರೆಗಿನ ಸಿಸಿಟಿವಿ ದೃಶ್ಯಗಳನ್ನು ನಮಿತಾ ಎರಡು ಸಲ ನೋಡಿದಳು. ಹನ್ನೊಂದಕ್ಕೆ ಮೊಬೈಲ್ ಕಂಪನಿಯ ಉತ್ತರ ಬಂತು.

"ಸರ್, ಲಾಸ್ಟ್ ಟವರ್ ಆಂಬೋಳ. ನಿನ್ನೆ ಸುಬಹ್ ಒಂಬತ್ತು ನಲವತ್ತು. ಅದಾದ್ಮೇಲೆ ಬಂದ್. ಕಲ್ಯಾಣ್ ಫುಟೇಜ್‌ದಲ್ಲಿ ಭಿ ಇಲ್ಲ," ಎಂದಳು ನಮಿತಾ.

"ಬ್ಯಾಟರಿ ಹೋಗಿತ್ತು ಸರ್, ಅವಳೇ ಹೇಳಿದ್ಲು," ಎಂದ ಮೋನಪ್ಪ. "ಕಲ್ಯಾಣದಲ್ಲಿ ಆ ಜನದಲ್ಲಿ ಯಾರು ಕಾಣ್ತಾರೆ ಮಾರಾಯ್ರೆ?"

ಬೆಂಚಿನ ತುದಿಯಲ್ಲಿ ಕುಳಿತಿದ್ದ ನಾಗರತ್ನಾ ಮೆಲ್ಲಗೆ, "ಗುಡ್ಡದಾಗ ಹುಡುಕ್ರಿ ಸಾಹೇಬ್ರ," ಅಂದಳು. ಮೂರು ತಾಸಿನಲ್ಲಿ ಅದು ಆಕೆಯ ಮೂರನೆಯ ಮಾತು. ಮೂರೂ ಸಲ ಅದೇ ಮಾತು.

ಗುರಲಿಂಗಪ್ಪನವರಿಗೆ ಆ ಮಾತಿನ ತೂಕ ಗೊತ್ತಿತ್ತು. ಹುಡುಗಿ ಊರಲ್ಲಿದ್ದರೆ ನಾಳೆ ಸಿಕ್ಕರೂ ನಡೆದೀತು. ಗುಡ್ಡದಲ್ಲಿದ್ದರೆ ಒಂದು ರಾತ್ರಿ ಆಗಲೇ ಕಳೆದಿದೆ. ಇನ್ನೊಂದು ರಾತ್ರಿಯ ಚಳಿಯನ್ನು ಅವಳ ಮೇಲೆ ಹೊರಿಸುವಂತಿಲ್ಲ.

"ನಿನ್ನೆಯ ಫೋಟೋ ತಗದಿರಬೇಕಲ್ಲ? ತೋರಸು."

ಮೋನಪ್ಪ ಮೊಬೈಲು ಕೊಟ್ಟ. ಘಟ್ಟದ ನೆತ್ತಿಯಲ್ಲಿ, ಸಿಂಧೂರ ಬಳಿದ ವಾಘಜಾಯಿ ದೇವಿಯ ಕಲ್ಲಿನ ಮುಂದೆ ಹದಿನೆಂಟು ಜನ ನಿಂತ ಚಿತ್ರ. ಸಮಯ ಹನ್ನೆರಡು ಇಪ್ಪತ್ತು. ಎಲ್ಲರ ಕೈಯಲ್ಲೂ ಒಂದೊಂದು ಎಲೆಗೊಂಚಲು.

"ಕೈಯಾಗ ಏನದು ತಪ್ಪಲಾ?"

"ಅದು ಊರಿನವರ ಕ್ರಮ ಸರ್. ಹತ್ತುವ ಮೊದಲು ನೇರಳೆ ಮರದ ರೆಂಬೆ ಒಂದೊಂದು ಕೊಡ್ತಾರೆ. ಅರ್ಧ ಮುರಿದು ಮೇಲಿನ ದೇವಿಗೆ, ಉಳಿದರ್ಧ ಇಳಿದ ಮೇಲೆ ಗಡಿಕಲ್ಲಿಗೆ. ನಮ್ಮ ದಾರಿ ತೋರಿಸುವ ಧೋಂಡು ಇದ್ದಾನಲ್ಲ, ಅದನ್ನು ಇಡದೆ ಒಬ್ಬರನ್ನೂ ಊರೊಳಗೆ ಬಿಡುವುದಿಲ್ಲ. ತಮಾಷೆಯ ಜನ."

ಗುರಲಿಂಗಪ್ಪನವರಿಗೆ ತಮಾಷೆ ಅನ್ನಿಸಲಿಲ್ಲ. ಅವರ ಊರ ಹಾದಿಯಲ್ಲೂ ಒಂದು ಕಲ್ಲಿತ್ತು. ಎತ್ತಿನ ಗಾಡಿಯವರು ಇಳಿದು ಒಂದು ಎಲೆ ಹರಿದಿಟ್ಟು, 'ಹೋಗಿ ಬರ್ತೀನಿ' ಎಂದು ಹೇಳಿಯೇ ಮುಂದೆ ಸಾಗುತ್ತಿದ್ದರು.

ಅವರು ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದರು. ಎಡತುದಿಯಲ್ಲಿ ಅನುರಾಧಾ ನಗುತ್ತಿದ್ದಳು. ಅವಳ ಅರ್ಧ ರೆಂಬೆಗೆ ಬಿಳಿಯದೊಂದು ಎಳೆ ಸುತ್ತಿತ್ತು. ಮೊಬೈಲನ್ನು ನಾಗರತ್ನಾಳ ಮುಂದೆ ಹಿಡಿದರು.

"ಬಾಳಿನಾರು ಸಾಹೇಬ್ರ. ಈ ಗಂಟು ನಂದ, ನಾನ ಕಲಿಸಿದ್ದು. ಆಕಿ ಚೀಲದಾಗ ಯಾವಾಗ್ಲೂ ಒಂದು ಹಿಡಿ ನಾರು ಇರ್ತದ. ದೇವರಿಗೆ ಬಿಡಿ ತಪ್ಪಲಾ ಇಡಬಾರದು, ಕಟ್ಟಿ ಇಡಬೇಕು ಅಂತೀನಿ ನಾ."

ಹನ್ನೆರಡಕ್ಕೆ ಜೀಪು ಹೊರಟಿತು. ಮೋನಪ್ಪನನ್ನೂ ಕೂರಿಸಿಕೊಂಡರು. ದಾರಿಯಲ್ಲೇ ಅಲ್ಲಿನ ಗ್ರಾಮೀಣ ಠಾಣೆಗೆ ಫೋನು ಹೋಯಿತು. ನಾಗರತ್ನಾ ಬುಟ್ಟಿ ಬಿಟ್ಟು ಬರಲಿಲ್ಲ. ಹೂವಿನ ಸಮೇತ ಜೀಪಿನ ಹಿಂದೆ ಕುಳಿತಳು. ಕಲ್ಯಾಣ ದಾಟಿ, ಮುರಬಾಡ್ ದಾಟಿ, ಡಾಂಬರು ಮುಗಿದು ಕೆಮ್ಮಣ್ಣು ಶುರುವಾಯಿತು. ಮೂರು ಗಂಟೆ ಹತ್ತು ನಿಮಿಷಕ್ಕೆ ಖಡಕವಾಡಿ. ಊರ ಹಿಂದೆ ಗೋಡೆಯ ಹಾಗೆ ಎದ್ದ ಸಹ್ಯಾದ್ರಿ, ಅದರ ನಡುವೆ ಬೈತಲೆಯಂತೆ ಘಟ್ಟದ ದಾರಿ.

ಗಡಿಕಲ್ಲು ಊರಾಚೆ ಇತ್ತು. ಅದರ ಮುಂದಿಟ್ಟ ಸೊಪ್ಪನ್ನು ಆಡು ಕೂಡ ಮುಟ್ಟುವುದಿಲ್ಲ ಎಂದು ಊರವರ ನಂಬಿಕೆ. ಸುತ್ತ ಮುಳ್ಳುಬೇಲಿ ಹಾಕಿದವರೂ ಅವರೇ.

ಧೋಂಡು ಅರವತ್ತು ದಾಟಿದ ಒಣಕಲು ಮನುಷ್ಯ. ಗುರಲಿಂಗಪ್ಪ ಮರಾಠಿಯಲ್ಲಿ ಕೇಳಿದರು, ಅವನು ಮರಾಠಿಯಲ್ಲಿ ಹೇಳಿದ.

"ನಿನ್ನೆ ನಿಮ್ಮವರನ್ನು ಬಿಟ್ಟು ಬೇರೆ ಯಾರಾದರೂ ಘಟ್ಟ ಇಳಿದರೇ?"

"ಇಲ್ಲ ಸಾಹೇಬ. ಇವತ್ತೂ ಇಲ್ಲ."

"ರೆಂಬೆ ಎಷ್ಟು ಮುರಿದುಕೊಟ್ಟೆ?"

"ಹದಿನೆಂಟು. ನಾನು ಈ ಊರಿನವನು, ನನಗೆ ಬೇಕಾಗಿಲ್ಲ."

ಗ್ರಾಮೀಣ ಠಾಣೆಯ ಇಬ್ಬರು ಪೊಲೀಸರು, ಊರಿನ ಇಬ್ಬರು ಪಂಚರು. ಮೂರೂ ಇಪ್ಪತ್ತೈದಕ್ಕೆ ಪಂಚನಾಮೆ ಶುರುವಾಯಿತು. ಬಾಡಿದರೂ ಬಣ್ಣಗೆಡದ ನೇರಳೆ ರೆಂಬೆಗಳನ್ನು ನಮಿತಾ ಒಂದೊಂದಾಗಿ ಎತ್ತಿ ಬಿಳಿ ಬಟ್ಟೆಯ ಮೇಲಿಟ್ಟಳು. ಹದಿನೇಳು. ಬಾಳೆನಾರಿನ ಗಂಟಿನದು ಅದರಲ್ಲಿರಲಿಲ್ಲ.

"ನಿನ್ನೆಯೇ ಹೇಳಿದ್ದೆ," ಎಂದ ಧೋಂಡು. "ಒಂದು ಕಡಿಮೆ ಇದೆ ಅಂದೆ. ಹುಡುಗಿ ಮೊದಲೇ ಬಸ್ಸಿಗೆ ಹೋದಳು, ಮರೆತಿರಬೇಕು ಅಂದರು ಇವರು. ಮರೆಯುವುದುಂಟೇ ಅಂದುಕೊಂಡೆ. ಆದರೆ ಪೇಟೆಯವರಲ್ಲವೇ."

ಗುರಲಿಂಗಪ್ಪ ಗುಡ್ಡದತ್ತ ನೋಡಿದರು. ನೆತ್ತಿಯ ದೇವಿಗೂ ಈ ಕಲ್ಲಿಗೂ ನಡುವೆ ಎಲ್ಲೋ ಹುಡುಗಿ ಇದ್ದಾಳೆ. ಆ ನಡುವೆ ಮೂರು ಕೊರಕಲು. ಒಂದೊಂದನ್ನು ಜಾಲಾಡಲು ಅರ್ಧ ದಿನ ಬೇಕು. ಹೊತ್ತು ಮುಳುಗಲು ಎರಡೂವರೆ ತಾಸು ಉಳಿದಿತ್ತು.

ಮೋನಪ್ಪನನ್ನು ಅವರು ಗದರಲಿಲ್ಲ. ಕಲ್ಲಿನ ಎದುರಿನ ಕಟ್ಟೆಯ ಮೇಲೆ ಕೂರಿಸಿ, ಪಕ್ಕದಲ್ಲಿ ತಾವೂ ಕುಳಿತರು.

"ನಿನ್ನ ಮೇಲೆ ಕೇಸು ಆಗೇ ಆಗ್ತದ. ಅದು ಸಾವಕಾಶ ಆಗಲಿ. ಈಗ ಒಂದ ಮಾತು. ಕಡೀಗೆ ಆಕಿನ್ನ ಎಲ್ಲಿ ನೋಡಿದಿ?"

ಮೋನಪ್ಪ ಬಟ್ಟೆಯ ಮೇಲಿನ ರೆಂಬೆಗಳನ್ನೇ ನೋಡುತ್ತಿದ್ದ. ಅದರಲ್ಲಿ ಅವನದೂ ಒಂದಿತ್ತು.

"ಹದಿನೈದು ವರ್ಷ ಸರ್..."

"ವರ್ಷ ಬ್ಯಾಡ. ಜಾಗಾ ಹೇಳು."

ನಾಗರತ್ನಾ ಹತ್ತಿರ ಬಂದಳು. ಬೈಯುತ್ತಾಳೆಂದು ನಮಿತಾ ಅಡ್ಡ ಹೋದಳು. ಆಕೆ ಬೈಯಲಿಲ್ಲ.

"ಅಣ್ಣಾ, ನೀ ಇದ್ದೀ ಅಂತ ಕಳಿಸಿದ್ನಿ. ಬ್ಯಾರೇ ಯಾರ ಕೂಡಾನೂ ನಾ ಕಳಿಸ್ತಿರಲಿಲ್ಲ."

ಮೋನಪ್ಪ ಮುಖ ಮುಚ್ಚಿಕೊಂಡ. ಬೆರಳುಗಳ ಸಂದಿಯಿಂದಲೇ ಮಾತು ಬಂತು.

"ನಡು ಕೊರಕಲು. ಅಲ್ಲಿ ಬಂಡೆ ಕಡಿದ ನೀರಿನ ತೊಟ್ಟಿ ಉಂಟು. ಯಾರಿಗೋ ಬಾಯಾರಿಕೆ ಅಂತ ಬಾಟಲಿ ತುಂಬಿಸ್ಲಿಕ್ಕೆ ಹೋದ್ಲು. ಐದು ನಿಮಿಷ ಅಂದ್ಲು. ನಾನು ಹಿಂದೆ ಇರಬೇಕಿತ್ತು, ಮುಂದಿನವರು ಜಾರ್ತಿದ್ರು, ಅಲ್ಲಿಗೆ ಓಡಿದೆ. ಇವನು ಒಂದು ಕಡಿಮೆ ಅಂದಾಗ ಬಸ್ಸಲ್ಲಿ ಇರಬಹುದು ಅಂತ ನಾನೂ ನಂಬಿದೆ. ಮುರಬಾಡಿನಲ್ಲಿ ಚಾ ಕುಡಿಯುವಾಗ ಲೆಕ್ಕ ಹಾಕಿದೆ ಸರ್. ಆಗ ಗೊತ್ತಾಯ್ತು."

"ಗೊತ್ತಾದಮ್ಯಾಲ?"

"ಸೈನು ನಾನೇ ಹಾಕಿದೆ. ಬೆಳಿಗ್ಗೆ ತಾನಾಗೇ ಇಳಿದು ಬರ್ತಾಳೆ ಅಂತ. ಬಸ್ಸಲ್ಲಿ ಎಲ್ಲರಿಗೂ ನಿದ್ದೆ, ಆಮೇಲೆ ಕೇಳಿದವರಿಗೆ ಕಲ್ಯಾಣದಲ್ಲಿ ಇಳಿದ್ಲು ಅಂದೆ. ಒಮ್ಮೆ ಹೇಳಿದ ಮೇಲೆ ಹಿಂದೆ ಬರ್ಲಿಕ್ಕೆ ದಾರಿ ಕಾಣಲಿಲ್ಲ."

ಮೂರೂ ಐವತ್ತಕ್ಕೆ ಧೋಂಡು ಮುಂದೆ, ಪೊಲೀಸರು ಹಿಂದೆ, ಕಂಬಳಿ ಮತ್ತು ಬಿದಿರು ಹೊತ್ತ ಊರಿನ ಆರು ಮಂದಿ ಅವರ ಹಿಂದೆ ಹತ್ತತೊಡಗಿದರು. ಗುರಲಿಂಗಪ್ಪನವರ ಮಂಡಿ ಹತ್ತು ನಿಮಿಷಕ್ಕೇ ತಕರಾರು ತೆಗೆಯಿತು. ಶಿವನ ಹೆಸರು ಹೇಳುತ್ತಾ ಹೆಜ್ಜೆ ಇಟ್ಟರು; ಒಂದು ಹೆಸರಿಗೆ ಒಂದು ಹೆಜ್ಜೆ. ನಡು ಕೊರಕಲಿನ ಬಾಯಲ್ಲಿ ಧೋಂಡು ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದ.

ಗಾಳಿ ನಿಂತಿತು. ಎಲ್ಲೋ ಕೆಳಗಿನಿಂದ ಒಂದು ಸೀಟಿ. ಮೂರು ಸಲ, ನಿಲುಗಡೆ, ಮತ್ತೆ ಮೂರು ಸಲ.

ನಾಲ್ಕೂ ಐವತ್ತು. ತೊಟ್ಟಿಯಿಂದ ಇಪ್ಪತ್ತಡಿ ಕೆಳಗೆ, ಬಂಡೆಯ ಬುಡದಲ್ಲಿ ಅನುರಾಧಾ ಗೋಡೆಗೊರಗಿದ ಹಾಗೆ ಕುಳಿತಿದ್ದಳು. ಎಡಗಾಲು ಬಾತು ಕುಂಬಳಕಾಯಿ ಆಗಿತ್ತು. ತುಟಿ ಒಡೆದಿತ್ತು. ತೊಟ್ಟಿಯಿಂದ ಬಂಡೆಗುಂಟ ಜಿನುಗುವ ನೀರನ್ನು ಬಾಟಲಿಯ ಮುಚ್ಚಳದಲ್ಲಿ ಹಿಡಿದು ಕುಡಿದಿದ್ದಳು. ಕೊರಳಲ್ಲಿ ಬಳಗದವರು ಎಲ್ಲರಿಗೂ ಕೊಡುವ ಕೆಂಪು ಸೀಟಿ. ಕಾಲನ್ನು ಎರಡು ಕಡ್ಡಿ ಸೇರಿಸಿ ಬಾಳೆನಾರಿನಲ್ಲಿ ತಾನೇ ಕಟ್ಟಿಕೊಂಡಿದ್ದಳು.

ಗುರಲಿಂಗಪ್ಪ ಇಳಿದು ಅವಳ ಬಾಯಿಗೆ ನೀರು ಹಿಡಿದರು. ಕುಡಿದು ಅವಳು ಕೇಳಿದ ಮೊದಲ ಮಾತು:

"ಮೋನಪ್ಪಣ್ಣ ಬಂದ್ರಾ? ಬಿದ್ದರ ಬಿದ್ದಲ್ಲೇ ಕೂಡ್ರಿ, ಅಡ್ಡಾಡಬ್ಯಾಡ್ರಿ, ನಾ ಬರ್ತೀನಿ ಅಂತ ಹತ್ತೂಕಿಂತ ಮೊದಲ ಎಲ್ಲಾರಿಗೂ ಹೇಳಿದ್ರು. ಅದಕ್ಕ ಕೂತೆ."

"ಕೆಳಗದಾನ, ತಂಗಿ," ಎಂದರು ಗುರಲಿಂಗಪ್ಪ. ಅದಕ್ಕಿಂತ ಹೆಚ್ಚು ಹೇಳಲು ಅದು ಹೊತ್ತಾಗಿರಲಿಲ್ಲ.

ಕಂಬಳಿಯ ಜೋಲಿಯಲ್ಲಿ ಹೊತ್ತು ಇಳಿಸಿದಾಗ ಆರು ಇಪ್ಪತ್ತೈದು. ನಾಗರತ್ನಾ ಮಗಳ ತಲೆ ಹಿಡಿದು, ಅವಳ ಕೂದಲಲ್ಲಿ ಸಿಕ್ಕಿದ ಹುಲ್ಲನ್ನು ಒಂದೊಂದಾಗಿ ತೆಗೆದಳು. ಅಂಬುಲೆನ್ಸಿನವರು ಅವಸರ ಮಾಡಿದರು. ಅನುರಾಧಾ ತಡೆದಳು. ಜೇಬಿನಿಂದ ಬಾಡಿದ ಅರ್ಧ ರೆಂಬೆ ತೆಗೆದು ತಾಯಿಯ ಕೈಗಿತ್ತಳು. ನಾಗರತ್ನಾ ಅದನ್ನು ಗಡಿಕಲ್ಲಿನ ಮುಂದಿಟ್ಟು, ಬುಟ್ಟಿಯಲ್ಲಿದ್ದ ಹೂವನ್ನೆಲ್ಲ ಅಲ್ಲೇ ಸುರಿದಳು.

ಆರೂ ನಲವತ್ತಕ್ಕೆ ಮೋನಪ್ಪನನ್ನು ದಸ್ತಗಿರಿ ಮಾಡಲಾಯಿತು. ಸುಳ್ಳು ಸಹಿ, ಪೊಲೀಸರಿಗೆ ಸುಳ್ಳು ಮಾಹಿತಿ, ಇನ್ನೊಬ್ಬರ ಜೀವವನ್ನು ಅಪಾಯಕ್ಕೆ ಒಡ್ಡಿದ್ದು. ಎಫ್‌ಐಆರ್ ಮುಲುಂಡಿನಲ್ಲಿ ದಾಖಲಾಗಿ, ಅಪಾಯದ ಭಾಗ ಗ್ರಾಮೀಣ ಠಾಣೆಗೆ ಹೋಗಬೇಕಿತ್ತು. ಜೀಪು ಹತ್ತುವಾಗ ಅವನು ಕಲ್ಲಿನತ್ತ ತಿರುಗಿದ.

"ಸರ್, ಹದಿನೆಂಟು ಆಯ್ತಲ್ಲ."

"ಆಯ್ತು," ಎಂದರು ಗುರಲಿಂಗಪ್ಪ. "ಆಕಿ ನಿನ್ನ ಮಾತು ನಂಬಿ ಕೂತಿದ್ದಳು, ಅದಕ್ಕ ಆಯ್ತು. ನಿನ್ನ ಮಾತನ್ನ ನೀನೂ ನಂಬಿದ್ದರ ನಿನ್ನೆಯೇ ಆಗ್ತಿತ್ತು."

ಮೋನಪ್ಪ ತಲೆಯಾಡಿಸಿದ. ಆ ಹುಡುಗಿಯ ಮುಂದೆ ತಾನೇ ಎಲ್ಲವನ್ನೂ ಹೇಳಬಹುದೇ ಎಂದು ಕೇಳಿದ. ಆಕೆಯ ಕಾಲು ನೆಟ್ಟಗಾಗಲಿ, ಒಪ್ಪಿದರೆ ಹೇಳು ಅಂದರು ಗುರಲಿಂಗಪ್ಪ.

ಮರುದಿನ ಪೂಜೆ ಮುಗಿಸಿ ಬಂದು ಗುರಲಿಂಗಪ್ಪ ಕೇಸ್ ಡೈರಿ ತೆರೆದರು. ಉದ್ದೇಶ ಎಂಬ ಸಾಲಿಗೆ ಬಂದರು. ದುರಾಸೆ ಇರಲಿಲ್ಲ, ಹಗೆ ಇರಲಿಲ್ಲ. ಒಬ್ಬರನ್ನೂ ಬಿಟ್ಟು ಬಂದವನಲ್ಲ ಎಂಬ ಒಳ್ಳೆಯ ಹೆಸರೊಂದಿತ್ತು. ಅದನ್ನು ಉಳಿಸಿಕೊಳ್ಳಲು ಮನುಷ್ಯ ಒಬ್ಬಳನ್ನು ಬಿಟ್ಟು ಬಂದಿದ್ದ. ಅಷ್ಟನ್ನೇ ಬರೆದರು. ಕೆಳಗೆ ಸಹಿ ಹಾಕಿ, ಹೊತ್ತು ನಮೂದಿಸಿದರು: ಬೆಳಿಗ್ಗೆ ಏಳು ಹತ್ತು.

ಹೊರಗೆ ನಾಗರತ್ನಾ ಲೋಕಲ್ಲಿಗೆ ಹೋಗುವ ದಾರಿಯಲ್ಲಿ ಒಂದು ಗಳಿಗೆ ನಿಂತಿದ್ದಳು. ಮಗಳ ಕಾಲಿಗೆ ಪ್ಲಾಸ್ಟರ್ ಹಾಕಿದ್ದಾರೆಂದು ಹೇಳಿ, ಬಾಗಿಲ ಮೇಲಿನ ಮೊಳೆಗೆ ಒಂದು ಸಣ್ಣ ಮಾಲೆ ಸಿಕ್ಕಿಸಿ ಹೋದಳು. ಬಾಳೆನಾರು, ಎರಡು ಸುತ್ತು, ಬಿಗಿಯಾದ ಗಂಟು.