ಡಬ್ಬಿಯೊಳಗಿನ ಬಂಗುಡೆ

ಸಾಸಿವೆಯಷ್ಟು ಮೀನಿನ ತುಣುಕನ್ನು ಡಾ. ಪ್ರಮಿಳಾ ತಿಂಗಳಾಯ ಯಂತ್ರದ ಬಾಯಿಗೆ ಹಾಕಿದಳು. ಡಬ್ಬಿಯ ಮೇಲೆ ‘ಅಪ್ಪಟ ಅಂಜಲ್’ ಎಂದಿತ್ತು. ಪರದೆಯ ಮೇಲೆ ಮೂಡಿದ ಹೆಸರು ಬಂಗುಡೆ.

ಮಂಗಳೂರಿನ ಆ ಪ್ರಯೋಗಾಲಯದಲ್ಲಿ ಯಾರೂ ಬೆರಗಾಗಲಿಲ್ಲ. ದುಬಾರಿ ಮೀನಿನ ಹೆಸರಲ್ಲಿ ಅಗ್ಗದ ಮೀನು ತುಂಬುವುದು ಹಳೆಯ ಮೋಸ. ಬಿರುಗಾಳಿಗಳು ಹೆಚ್ಚಿ ಕರಾವಳಿಯ ದೋಣಿಗಳು ದಡ ಸೇರಿ ಒಂದು ತಲೆಮಾರು ಕಳೆದಿತ್ತು. ದೂರದ ಸಾಗರಗಳಲ್ಲಿ ದೊಡ್ಡ ಹಡಗುಗಳು ಹಿಡಿದ ಮೀನು ಡಬ್ಬಿಯಲ್ಲಿ ಬರುತ್ತದೆ ಎಂದು ಜನ ನಂಬಿದ್ದರು.

ಡಬ್ಬಿಯನ್ನು ಮುಚ್ಚಿ ಬೇಯಿಸುವ ಬಿಸಿಗೆ ಮೀನಿನ ಡಿಎನ್‌ಎ, ಅಂದರೆ ಪ್ರತಿ ಜೀವಕೋಶದಲ್ಲೂ ಅಡಗಿರುವ ವಂಶದ ಬರಹ, ಚೂರುಚೂರಾಗುತ್ತದೆ. ಆ ಚೂರುಗಳನ್ನು ಹೊಂದಿಸಿ ಪೂರ್ತಿಯಾಗಿ ಓದುವ ಯಂತ್ರವನ್ನು ಪ್ರಮಿಳಾ ಕಂಡುಹಿಡಿದಿದ್ದಳು. ಮೀನು ಯಾವ ಜಾತಿಯದು ಎಂಬುದಷ್ಟೇ ಅಲ್ಲ, ಆ ಜಾತಿಯಲ್ಲಿ ಇದು ಯಾವ ಮೀನು ಎಂದೂ ಅದು ಬೆರಳಚ್ಚಿನಂತೆ ಗುರುತಿಸುತ್ತಿತ್ತು.

ಅವಳು ಭೂತಾಯಿ ಮೀನಿನ ಡಬ್ಬಿ ತೆರೆದಳು. ಬಂಗುಡೆ. ಕೇದರ ಮೀನಿನ ಡಬ್ಬಿಯಲ್ಲೂ ಬಂಗುಡೆ. ಮೂರರ ಗುರುತೂ ಒಂದೇ ಆಗಿತ್ತು.

ಯಂತ್ರಕ್ಕೆ ಕೊಳೆ ಹತ್ತಿರಬೇಕು ಅಂದುಕೊಂಡು ತೊಳೆದಳು. ಕಾರವಾರದಿಂದ, ಕೊಚ್ಚಿಯಿಂದ ಡಬ್ಬಿ ತರಿಸಿದಳು. ಕೊನೆಗೆ ತನ್ನ ಅಡುಗೆಮನೆಯದನ್ನೂ ತಂದಳು. ಅವು ತಾಯಿ ಮಕ್ಕಳಲ್ಲ, ಒಡಹುಟ್ಟಿದವೂ ಅಲ್ಲ. ಎಲ್ಲವೂ ಒಂದೇ ಮೀನು, ಒಂದು ಹೆಣ್ಣು ಬಂಗುಡೆ. ಬುದ್ಧಿ ಬಂದಾಗಿನಿಂದ ತಾನು ತಿನ್ನುತ್ತಾ ಬಂದದ್ದು ಅದನ್ನೇ ಎಂದು ಹೊಳೆದಾಗ ಪ್ರಮಿಳಾ ಆ ಡಬ್ಬಿಯನ್ನು ದೂರ ಸರಿಸಿದಳು.

ಡಬ್ಬಿಗಳೆಲ್ಲ ಬರುತ್ತಿದ್ದುದು ಮಲ್ಪೆ ಬಂದರಿನ ಒಂದು ಕಾರ್ಖಾನೆಯಿಂದ. ಅದರ ಮುಖ್ಯಸ್ಥ ಲೀಲಾಧರ ಕುಂದರ್ ಅವಳನ್ನು ತಡೆಯಲಿಲ್ಲ.

“ಯಾರಾದ್ರೂ ಒಂದು ದಿನ ಬರ್ತಾರೆ ಅಂತ ಗೊತ್ತಿತ್ತು. ಬನ್ನಿ,” ಅಂದರು.

ಒಳಗೆ ಸಾಲುಸಾಲು ಗಾಜಿನ ತೊಟ್ಟಿಗಳು. ತಿಳಿ ದ್ರವದಲ್ಲಿ ನಸುಗೆಂಪು ಮಾಂಸದ ಹಾಳೆಗಳು ತೂಗುತ್ತಿದ್ದವು. ತಲೆಯಿಲ್ಲ, ಕಣ್ಣಿಲ್ಲ, ಮುಳ್ಳಿಲ್ಲ. ಜೀವಕೋಶ ಒಡೆದು ಎರಡಾಗುತ್ತಾ ಬೆಳೆಯುತ್ತಲೇ ಇರುವ ಮಾಂಸ.

ಪ್ರಮಿಳಾ ನೋಡುತ್ತಿದ್ದಂತೆ ಹಾಳೆಗಳೆಲ್ಲ ಒಮ್ಮೆಗೇ ಅದುರಿದವು. ಈ ತುದಿಯ ತೊಟ್ಟಿಯಿಂದ ಆ ತುದಿಯವರೆಗೆ ಎಲ್ಲವೂ ಪಡುವಣದ ಗೋಡೆಯತ್ತ ನಿಧಾನವಾಗಿ ವಾಲಿದವು. ಗೋಡೆಯಾಚೆ ಕಡಲಿತ್ತು.

“ಏನಿದು?”

“ಉಬ್ಬರ ಏರುವಾಗ ಹೀಗೆ ಆಗ್ತದೆ. ಯಾಕಂತ ನಮಗೂ ಗೊತ್ತಿಲ್ಲ. ಇಲ್ಲಿ ಒಬ್ಬರೇ ನಿಲ್ಲಲಿಕ್ಕೆ ಯಾರೂ ಒಪ್ಪುದಿಲ್ಲ ಮೇಡಂ.”

“ಹಡಗುಗಳು ಎಲ್ಲಿ?”

“ಹಡಗು ಎಂತದ್ದು? ಹೋದವು ಖಾಲಿ ಬಂದವು. ಆಮೇಲೆ ಹೋಗ್ಲೇ ಇಲ್ಲ.”

“ಹಾಗಾದ್ರೆ ಈ ಮೀನು?”

“ನಮ್ಮ ಅಜ್ಜನ ಕಾಲದ್ದು. ಲ್ಯಾಬಿನವರು ಇಲ್ಲೇ ದೋಣಿ ನಿಲ್ಲುವ ಧಕ್ಕೆಯಲ್ಲಿ ಒಂದು ಬುಟ್ಟಿ ಬಂಗುಡೆ ತಕೊಂಡಿದ್ರಂತೆ. ಒಂದರಿಂದ ಕೋಶ ತೆಗೆದಿಟ್ರು.”

“ಉಳಿದದ್ದು?”

“ಮಧ್ಯಾಹ್ನ ಊಟಕ್ಕೆ ಹುರಿದು ತಿಂದ್ರಂತೆ.”

ಕುಂದರ್ ದನಿ ತಗ್ಗಿಸಿದರು. “ನೀವು ಇದನ್ನು ಹೊರಗೆ ಹೇಳಿದ್ರೆ ಕಾರ್ಖಾನೆ ಮುಚ್ಚಿಸ್ತಾರೆ. ಕರಾವಳಿಯವರ ಬಟ್ಟಲಲ್ಲಿ ಬೇರೆ ಎಂತ ಉಂಟು ಹೇಳಿ? ಹಸಿದವರಿಗೆ ಹೆಸರು ಯಾಕೆ?”

ಕಾರ್ಖಾನೆ ಮುಚ್ಚಿದರೆ ಹಸಿಯುವವರಲ್ಲಿ ಪ್ರಮಿಳಾಳ ಮನೆಯವರೂ ಇದ್ದರು. ಆದರೆ ಡಬ್ಬಿಗಳು ತುಂಬಿರುವ ತನಕ ಕಡಲಿನಲ್ಲಿ ಏನು ಉಳಿದಿದೆ ಎಂದು ಹುಡುಕಲು ಒಬ್ಬರೂ ಹೋಗುವುದಿಲ್ಲ.

“ತಿನ್ಲಿ. ಆದ್ರೆ ಕಡಲು ಖಾಲಿ ಅಂತ ಗೊತ್ತಿದ್ದು ತಿನ್ಲಿ,” ಅಂದಳು.

ಪ್ರಮಿಳಾಳ ವರದಿಯ ಮೇಲೆ ಉಡುಪಿಯಲ್ಲಿ ವಿಚಾರಣೆ ನಡೆಯಿತು. ಕಾರ್ಖಾನೆ ಮುಚ್ಚಲಿಲ್ಲ, ಡಬ್ಬಿಗಳ ಮೇಲೆ ನಿಜ ಬರೆಯಬೇಕೆಂದು ಆಜ್ಞೆಯಾಯಿತು. ಹುಡುಕಾಟಕ್ಕೆ ದೋಣಿ ಕಳಿಸುವ ಮಾತು ಬಂದಾಗ, ಬಂಗುಡೆ ಮುಗಿದದ್ದು ಯಾವ ವರ್ಷ ಎಂದು ತಿಳಿಯಬೇಕಾಯಿತು. ಯಾವ ಕಡತದಲ್ಲೂ ಅದಿರಲಿಲ್ಲ. ಅಂಗಡಿಯ ಕಪಾಟು ಒಂದು ದಿನವೂ ಬರಿದಾಗಿರಲಿಲ್ಲವಾದ್ದರಿಂದ ಯಾರೂ ಬರೆದಿಟ್ಟಿರಲಿಲ್ಲ.

“ಜೀವಂತ ಬಂಗುಡೆ ನೋಡಿದವರು ಯಾರಾದರೂ ಇದ್ದೀರಾ?” ವಿಚಾರಣೆಯ ಅಧ್ಯಕ್ಷರು ಸಭೆಯನ್ನು ಕೇಳಿದರು.

ಹಿಂದಿನ ಸಾಲಿನಲ್ಲಿ ನಾಲ್ಕಾರು ಸುಕ್ಕುಗಟ್ಟಿದ ಕೈಗಳು ಎದ್ದವು. ಒಬ್ಬೊಬ್ಬರೂ ಒಂದೊಂದು ವರ್ಷ ಹೇಳಿದರು. ಹಿಂದೆ ಮೀನು ಮಾರುತ್ತಿದ್ದ ಗುಲಾಬಿ ಮೆಂಡನ್ ಎಂಬ ಮುದುಕಿ ಮಾತ್ರ ವರ್ಷ ಹೇಳಲಿಲ್ಲ.

“ರಾಶಿ ಬರ್ತಿತ್ತು. ಹೆಚ್ಚಾದ್ರೆ ತೆಂಗಿನ ಬುಡಕ್ಕೆ ಹಾಕ್ತಿದ್ದೆವು.”

“ಕೊನೆಯ ಸಲ ಯಾವಾಗ ನೋಡಿದ್ದು, ನೆನಪಿದೆಯಾ?”

“ಅದು ಕೊನೇದು ಅಂತ ನಮಗೆ ಯಾರು ಹೇಳಿದ್ರು?” ಮುದುಕಿ ಕೇಳಿದಳು. “ಅವತ್ತೂ ಮೀನು ಸಣ್ಣದಾಯ್ತು ಅಂತ ಗಿರಾಕಿ ಕ್ರಯಕ್ಕೆ ಚರ್ಚೆ ಮಾಡಿರ್ತಾಳೆ. ನಾನೂ ಎರಡು ಹೆಚ್ಚು ಹಾಕಿ ಕೊಟ್ಟಿರ್ತೇನೆ.”