ಹೂಪಾತಿಯ ಮಣ್ಣು

ರಾತ್ರಿ ಹನ್ನೆರಡೂವರೆಗೆ ಹಿತ್ತಿಲಲ್ಲಿ ಟಿಕ್, ಟಿಕ್ ಎಂಬ ಸಣ್ಣ ಸದ್ದು. ಆಮೇಲೆ ಸಲಿಕೆ ಕೆರೆದ ಸದ್ದು. ಬೆಳಿಗ್ಗೆ ಎದ್ದು ನೋಡಿದರೆ ಹೂಪಾತಿಯ ಮಣ್ಣೇ ಇಲ್ಲ. 1978ರ ಜೂನ್ 14, ಬೆಳಿಗ್ಗೆ 8.10ಕ್ಕೆ ಮಾರ್ಗರೆಟ್ ಎಂಬ ವಿಧವೆ ಕೊಟ್ಟ ದೂರು ಇಷ್ಟೇ. ನ್ಯೂಜೆರ್ಸಿಯ ಆ ಪುಟ್ಟ ಊರಿನ ಠಾಣೆಯಲ್ಲಿ ಎಲ್ಲರೂ ನಕ್ಕರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಡಿಟೆಕ್ಟಿವ್ ಟೋನಿಗೆ ನಗುವಷ್ಟೂ ತ್ರಾಣವಿರಲಿಲ್ಲ.

9.30ಕ್ಕೆ ಮಹಜರು. ಮೊಣಕಾಲಾಳದ ಗುಂಡಿ. ತಳ್ಳುಗಾಡಿಯ ಚಕ್ರದ ಗುರುತು ಹಿತ್ತಿಲು ದಾಟಿ, ಮುಚ್ಚಿಹೋದ ಥೋರಿಯಂ ಕಾರ್ಖಾನೆಯ ತಂತಿಬೇಲಿಯ ಕಿಂಡಿಯವರೆಗೂ ಹೋಗಿತ್ತು. ಬೇಲಿಯೊಳಗೆ ವಿಕಿರಣ ಸೂಸುವ ಮಣ್ಣನ್ನು ಅಗೆದು, ಡ್ರಮ್ಮಿಗೆ ತುಂಬಿ ಸಾಗಿಸುವ ಕೆಲಸ ನಡೆದಿತ್ತು. ಅಲ್ಲಿನ ರಾಶಿಯ ಮೇಲೆ ಮಾರ್ಗರೆಟ್‌ಳ ಚೆಂಡುಹೂಗಳು ಬಾಡಿ ಬಿದ್ದಿದ್ದವು.

"ನಿನ್ನ ಪಾತಿಗೆ ಮಣ್ಣು ಎಲ್ಲಿಂದ ತಂದಿದ್ದೆ?"

"ಕಾರ್ಖಾನೆಯವರೇ ಪುಕ್ಕಟೆ ಕೊಟ್ಟಿದ್ರಲ್ಲ, ಐವತ್ತೆಂಟರಲ್ಲಿ. ಇಡೀ ಬೀದಿ ತಗೊಳ್ತು. ನಿಮ್ಮಪ್ಪಾನೂ ಎರಡು ಲಾರಿ ಹೊಡೆಸಿದ್ದ, ಮರೆತೆಯಾ ಟೋನಿ?"

ಟೋನಿ ಅದನ್ನು ಬರೆದುಕೊಳ್ಳಲಿಲ್ಲ.

ಮೆಟ್ಟಿಲ ಮೇಲೊಂದು ಕುಂಡವಿತ್ತು. ಪಾತಿಯ ಗಿಡಗಳಲ್ಲಿ ಇದೊಂದನ್ನು ಮಾತ್ರ ಕಳ್ಳ ಬೇರು ತೊಳೆದು, ಹೊಸ ಮಣ್ಣಿನಲ್ಲಿ ನೆಟ್ಟು, ನೀರೆರೆದು ಹೋಗಿದ್ದ. ಟೋನಿ ಎಲೆ ಹಿಸುಕಿ ಮೂಸಿದ. ಅವನ ತಾಯಿ ಟೊಮ್ಯಾಟೊ ಸಾಸ್‌ಗೆ ಹಾಕುವ ಬೇಸಿಲ್‌ನ ಹಾಗೇ ಇದೆ, ಆದರೆ ಅದಲ್ಲ, ಲವಂಗದ ಘಾಟು.

"ಮೂಲೆಮನೆ ನಿರುಪಮಾ ಕೊಟ್ಟಿದ್ದು. ಅವರ ದೇವರ ಗಿಡವಂತೆ."

ಸಂಜೆ 6.40, ಮೂಲೆಮನೆಯ ಬಾಗಿಲು. ಟೋನಿಯ ಕೈಯಲ್ಲಿ ಕುಂಡ ಕಂಡದ್ದೇ ನಿರುಪಮಾ ಗಂಡನತ್ತ ತಿರುಗಿದಳು. ಅವಳ ಕನ್ನಡ ಟೋನಿಗೆ ತಿಳಿಯಲಿಲ್ಲ, ದನಿ ತಿಳಿಯಿತು.

"ನೋಡಿದ್ರಾ? ಅದೊಂದನ್ನೂ ಕಿತ್ತು ಹಾಕಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ತುಳಸೀನ ಡ್ರಮ್ಮಿಗೆ ಹಾಕಕ್ಕಾಗತ್ತೇನೇ?" ಅಂದ ಜಯತೀರ್ಥ. ಮೈಸೂರಿನವನು, ಬೇಲಿಯೊಳಗೆ ಮಣ್ಣಿನ ವಿಕಿರಣ ಅಳೆಯುವ ಇಂಜಿನಿಯರ್.

ಟೋನಿ ಕೇಳುವ ಮುಂಚೆಯೇ ಅವನು ಇಂಗ್ಲಿಷಿನಲ್ಲಿ ಒಪ್ಪಿಕೊಂಡ. "ಬೇಲಿಯಾಚೆ ಅಳೀಬೇಡ ಅಂತ ಮೇಲಿನವರ ಆರ್ಡರ್. ಮಾರ್ಗರೆಟ್ ಪಾತೀನ ಕದ್ದು ಅಳೆದೆ. ಯಂತ್ರದ ಮುಳ್ಳು ಕೊನೆಗೆ ಹೋಗಿ ನಿಂತ್ಕೊಳ್ತು. ಆಕೆಯ ಮೊಮ್ಮಗಳು ದಿನಾ ಅಲ್ಲೇ ಕೂತು ಮಣ್ಣಾಟ ಆಡ್ತಾಳೆ."

"ಬಾಯಿಬಿಟ್ಟು ಹೇಳಬಹುದಿತ್ತು."

"ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ ಸರ್. ಕೆಲಸ ಹೋದರೆ ದೇಶ ಬಿಟ್ಟ ಹಾಗೇ."

7.15ಕ್ಕೆ ಅತಿಕ್ರಮ ಪ್ರವೇಶದ ಆರೋಪದ ಮೇಲೆ ಬಂಧನ. ಕಾರಣ ಎಂಬಲ್ಲಿ ಟೋನಿ, ನೆರೆಮನೆಯ ಮಗುವಿನ ಚಿಂತೆ, ಎಂದು ಬರೆದ.

ಜಪ್ತಿಯಾದ ಅಳೆಯುವ ಯಂತ್ರ, ಸಲಿಕೆ, ತಳ್ಳುಗಾಡಿ ಇನ್ನೂ ಟೋನಿಯ ವ್ಯಾನಿನಲ್ಲೇ ಇದ್ದವು. ಮನೆಗೆ ಬಂದಾಗ ಎಂಬತ್ತರ ತಾಯಿ ನಿದ್ದೆಹೋಗಿದ್ದಳು. ಅವಳ ಟೊಮ್ಯಾಟೊ ಪಾತಿಯ ಮೇಲೆ ಯಂತ್ರ ಹಿಡಿದ. ಟಿಕ್, ಟಿಕ್, ಆಮೇಲೆ ಬಿಡುವೇ ಇಲ್ಲದ ಸದ್ದು. ಇಪ್ಪತ್ತು ವರ್ಷ ಅವಳು ತಿಂದದ್ದು, ಅವನಿಗೆ ತಿನ್ನಿಸಿದ್ದು ಈ ಮಣ್ಣಿನದೇ. ಠಾಣೆಗೆ ಹೇಳಬೇಕೆ? ಅಮ್ಮನಿಗೆ? ಯಾರಿಗೂ ಹೇಳುವುದಿಲ್ಲ ಎಂದುಕೊಂಡ. ಅವಳ ಬೇಸಿಲ್ ಗಿಡವನ್ನು ಮೊದಲು ಮೆಲ್ಲಗೆ ಬೇರುಸಹಿತ ಎತ್ತಿ ಪಕ್ಕಕ್ಕಿಟ್ಟು, ಸಲಿಕೆ ತೆಗೆದುಕೊಂಡ. ಬೇಲಿಯ ಕಿಂಡಿ ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು.