ಹಳೇ ತಗಡಿನ ಕಳವು

ಜುಲೈ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಜ್ಯೋತಿಲಕ್ಷ್ಮಿ ಗ್ರಾಮಾಂತರ ಠಾಣೆಗೆ ಬಂದು ದೂರು ಕೊಟ್ಟಳು. ಆಕೆ ಕೈಲಾಂಚ ಹೋಬಳಿಯ ಗುಂಡುತೋಪಿನ ದೊಡ್ಡಿಯ ಮಹಿಳಾ ಸಂಘದ ಅಧ್ಯಕ್ಷೆ. ಮೇ ತಿಂಗಳ ಬಿರುಗಾಳಿಗೆ ಆ ಊರಿನ ರೇಷ್ಮೆ ಹುಳುಮನೆಗಳ ತಗಡಿನ ಸೂರುಗಳು ಹಾರಿಹೋಗಿದ್ದವು. ಅವನ್ನು ಮತ್ತೆ ಹೊದಿಸಲು ಪಂಚಾಯಿತಿ ಸಂಘಕ್ಕೆ ಅನುದಾನ ಕೊಟ್ಟಿತ್ತು. ಈಗ ಹೊದಿಸಿದ ಸೂರುಗಳಿಂದ ಒಂದೊಂದೇ ತಗಡು ಕಾಣೆಯಾಗುತ್ತಿದೆ ಎಂಬುದು ದೂರು.

ಸಬ್ ಇನ್ಸ್‌ಪೆಕ್ಟರ್ ಅನಂತರಾಜುಗೆ ಇದು ಗುಜರಿಯವರ ಕೈಚಳಕ ಎನಿಸಿತು. ತಗಡಿಗೋಸ್ಕರ ಎಫ್‌ಐಆರ್ ಬೇಕೇನಮ್ಮ ಎಂದು ಕೇಳಿದ. ಶುಕ್ರವಾರ ಇಂಜಿನಿಯರ್ ಬರುತ್ತಾರೆ, ಸೂರಿನಲ್ಲಿ ತೂತು ಕಂಡರೆ ಎರಡನೇ ಕಂತು ನಿಲ್ಲುತ್ತದೆ, ಇನ್ನೂ ಆರು ಮನೆ ಬಯಲಲ್ಲಿವೆ ಎಂದು ಆಕೆ ವಿವರಿಸಿದಳು. ಆಮೇಲೆ ದನಿ ತಗ್ಗಿಸಿದಳು.

"ಸಂಘದೋರೇ ತಗಡು ಮಾರ್ಕೊಂಡ್ರು ಅಂತ ಊರು ಆಡ್ಕೋತೈತೆ ಸಾ. ಡೈರಿಗೆ ಹಾಲ್ ಹಾಕೋಕೆ ಹೋದ್ರೆ ಮಾತು ನಿಲ್ಲಿಸ್ಬುಡ್ತಾರೆ."

ಬೇಲಿಯೇ ಎದ್ದು ಹೊಲ ಮೇಯಿತು ಎಂಬ ಮಾತು ಒಮ್ಮೆ ಹುಟ್ಟಿದರೆ ಸಾಯುವುದಿಲ್ಲವೆಂದು ಅನಂತರಾಜುಗೆ ಗೊತ್ತಿತ್ತು. ಹನ್ನೊಂದು ಗಂಟೆಗೆ ಕಳವಿನ ಪ್ರಕರಣ ದಾಖಲಾಯಿತು. ಹೆಡ್ ಕಾನ್‌ಸ್ಟೆಬಲ್ ಶುಕೂರ್ ರಾಮನಗರ, ಚನ್ನಪಟ್ಟಣ, ಹಾರೋಹಳ್ಳಿಯ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದ. ಹುಳುಮನೆಯ ತಗಡು ಎಲ್ಲಿಗೂ ಮಾರಾಟಕ್ಕೆ ಬಂದಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಅನಂತರಾಜು, ಶುಕೂರ್ ಮತ್ತು ಮಹಿಳಾ ಕಾನ್‌ಸ್ಟೆಬಲ್ ಭಾನುಪ್ರಿಯ ಊರಿಗೆ ಹೋದರು. ಜೀಪು ಇಳಿಯುವಾಗ ಆಷಾಢದ ಗಾಳಿ ಜೋರಾಗಿ ಬೀಸಿತು. ಸೂರುಗಳು ಗಡಗಡ ಅಂದವು. ಕೂಡಲೇ ಮನೆಮನೆಯಿಂದ ಹೆಂಗಸರು ಮಕ್ಕಳ ಕೈ ಹಿಡಿದು ಅಂಗಳಕ್ಕೆ ಬಂದು ಮೇಲೆ ನೋಡುತ್ತ ನಿಂತರು. ಗಾಳಿ ನಿಂತಮೇಲೆ ಒಳಗೆ ಹೋದರು. ಎರಡು ತಿಂಗಳಿಂದ ಹೀಗೇ ಎಂದು ಯಾರೋ ಹೇಳಿದರು. ಆ ಊರಿಗೆ ಗಾಳಿ ಇನ್ನೂ ಬಿಟ್ಟಿರಲಿಲ್ಲ.

ಮೊದಲ ಪಂಚನಾಮೆ ಚಿಕ್ಕಲಕ್ಷ್ಮಮ್ಮ ಎಂಬ ಮುದುಕಿಯ ಹುಳುಮನೆಯಲ್ಲಿ ನಡೆಯಿತು. ಸೂರಿನಲ್ಲಿ ಅರ್ಧ ಹೊಸ ತಗಡು, ಅರ್ಧ ಹಳೆಯದು. ಅನುದಾನ ಎಲ್ಲದಕ್ಕೂ ಸಾಲದೆ, ಸಂಘದವರು ಹಿಪ್ಪುನೇರಳೆ ತೋಟಗಳಲ್ಲಿ, ಬದುಗಳಲ್ಲಿ, ಕೆರೆಯಂಗಳದಲ್ಲಿ ಬಿದ್ದಿದ್ದ ತಗಡುಗಳನ್ನು ಆಯ್ದು ತಂದು ಸ್ಕೂಲಿನ ಅಂಗಳದಲ್ಲಿ ರಾಶಿ ಹಾಕಿದ್ದರು. ಸುತ್ತಿಗೆಯಿಂದ ಬಡಿದು ಮಟ್ಟ ಮಾಡಿ, ಹರಿದ ಮೂಲೆಗಳನ್ನು ಕತ್ತರಿಸಿ, ಹೊದಿಸಿದ ಮನೆಗಳಿಗೆಲ್ಲ ಹಂಚಿದ್ದರು. ಯಾರ ಮನೆಯ ತಗಡು ಯಾರ ಸೂರಿಗೆ ಹೋಯಿತೆಂದು ಯಾರೂ ಕೇಳಲಿಲ್ಲ. ಹಂಚಿಕೊಂಡು ಬದುಕುವ ಊರಿಗೆ ಅದು ಒಪ್ಪುವ ಕೆಲಸವೇ ಆಗಿತ್ತು.

ಕಳ್ಳ ಹಳೆಯದನ್ನೇ ತೆಗೆದಿದ್ದ. ಪಕ್ಕದಲ್ಲೇ ಮಿಂಚುತ್ತಿದ್ದ ಹೊಸದನ್ನು ಮುಟ್ಟಿರಲಿಲ್ಲ. ತೆಗೆದ ಜಾಗಕ್ಕೆ ಮೇಲೆ ಟಾರ್ಪಾಲು ಬಿಗಿದು, ಒಳಗಿನಿಂದ ರೇಷ್ಮೆ ಹುಳುವನ್ನು ಕೊಲ್ಲುವ ಊಜಿ ನೊಣ ನುಗ್ಗದಂತೆ ಬಲೆ ಕಟ್ಟಿದ್ದ.

"ಇದ್ಯಾವ ಕಳ್ಳ ಸಾ, ಕದ್ದು ರಿಪೇರೀನೂ ಮಾಡಿ ಹೋಗವ್ನೆ," ಎಂದ ಶುಕೂರ್.

ಭಾನುಪ್ರಿಯ ಹುಳದ ತಟ್ಟೆಗಳ ಸ್ಟ್ಯಾಂಡಿನ ಮೇಲೆ ಬಿಳಿಯ ಹೆಜ್ಜೆಗುರುತು ತೋರಿಸಿದಳು. ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪೌಡರಿನ ನೀರಲ್ಲಿ ನೆನೆಸಿದ ಗೋಣಿಚೀಲ ಹಾಸಿರುತ್ತದೆ. ಹೊರಗಿನ ರೋಗ ಹುಳಕ್ಕೆ ತಗಲಬಾರದೆಂದು ರೇಷ್ಮೆಯವರು ಅದನ್ನು ತುಳಿಯದೆ ಒಳಗೆ ಕಾಲಿಡುವುದಿಲ್ಲ. ಕಳ್ಳನೂ ತುಳಿದೇ ಬಂದಿದ್ದ.

ಕಳವಾದ ಉಳಿದ ಮನೆಗಳಲ್ಲೂ ಇದೇ ಕಂಡಿತು. ಇನ್ನೊಂದು ವಿಷಯ ಹೊರಬಿತ್ತು. ಹುಳು ಸೊಪ್ಪು ಬಿಟ್ಟು ಪೊರೆ ಕಳಚುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಆ ಹೊತ್ತಲ್ಲಿ ಸೊಪ್ಪು ಹಾಕುವ ಕೆಲಸವಿಲ್ಲದ ಕಾರಣ ಹುಳುಮನೆಯ ಕಡೆ ಯಾರೂ ಸುಳಿಯುವುದಿಲ್ಲ. ಪ್ರತಿ ಮನೆಯಲ್ಲೂ ತಗಡು ಹೋದದ್ದು ಹುಳು ಜ್ವರಕ್ಕೆ ಕೂತಿದ್ದಾಗ, ಹಾಡಹಗಲಲ್ಲಿ. ಯಾರ ಮನೆ ಹುಳು ಯಾವತ್ತು ಜ್ವರಕ್ಕೆ ಕೂರುತ್ತದೆಂದು ಹೊರಗಿನವನಿಗೆ ಗೊತ್ತಾಗುವ ಮಾತಲ್ಲ.

ಆದರೂ ಯಾರು ಬಂದಿದ್ದರು ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಯಾರೂ ಬಂದಿಲ್ಲ. ಅನಂತರಾಜು ಚಿಕ್ಕಲಕ್ಷ್ಮಮ್ಮನ ಬಳಿ ವಾಪಸ್ ಹೋಗಿ ಪ್ರಶ್ನೆ ಬದಲಿಸಿದ.

"ಸೂರಿನ ಮೇಲೆ ಯಾರು ಹತ್ತಿದ್ರು?"

"ಇನ್ಯಾರ್ ಹತ್ತಾರಪ್ಪ, ಬೋರಲಿಂಗಯ್ಯನೇ. ಬೋಲ್ಟು ಬಿಗಿ ಮಾಡೋಕೆ ಬತ್ತಾನೆ."

"ಅದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಅವ್ನು ನಮ್ಮೋನಲ್ವಾ. ಯಾರೋ ಬಂದ್ರು ಅಂತ ಹೆಂಗ್ ಹೇಳಾದು?"

ಸಂಘದ ಎಲ್ಲ ಸೂರುಗಳನ್ನೂ ಹೊದಿಸಿದವನು ಬೋರಲಿಂಗಯ್ಯ. ಒಂದು ದಿನದ ಕೂಲಿಯನ್ನೂ ತೆಗೆದುಕೊಂಡಿರಲಿಲ್ಲ. ಯಾಕೆಂದು ಕೇಳಿದಾಗ ಮುದುಕಿ ಸೆರಗು ಬಾಯಿಗಿಟ್ಟುಕೊಂಡಳು. ಹೇಳಿದವನು ಶುಕೂರ್; ಅನಂತರಾಜು ಆಗಿನ್ನೂ ಈ ಠಾಣೆಗೆ ಬಂದಿರಲಿಲ್ಲ. ಬಿರುಗಾಳಿಯ ದಿನ ಸೊಪ್ಪು ಕುಯ್ಯುತ್ತಿದ್ದ ಬೋರಲಿಂಗಯ್ಯನ ಮಗಳು ನವ್ಯಶ್ರೀಗೆ ಹಾರಿ ಬಂದ ತಗಡು ಬಡಿದಿತ್ತು. ಕಾಲೇಜಿಗೆ ಹೋಗುತ್ತಿದ್ದ ಹುಡುಗಿ, ಆಸ್ಪತ್ರೆಗೆ ಸೇರುವ ಮೊದಲೇ ತೀರಿಕೊಂಡಳು. ಮಹಜರಿಗೆ ಪೊಲೀಸರು ಹೋದಾಗ ತೋಟದ ತುಂಬ ತಗಡುಗಳು ಬಿದ್ದಿದ್ದವು. ಮಳೆ ಎಲ್ಲವನ್ನೂ ತೊಳೆದಿತ್ತು. ಬಡಿದದ್ದು ಯಾವುದೆಂದು ತೋರಿಸುವವರು ಯಾರೂ ಇರಲಿಲ್ಲ.

ಮಧ್ಯಾಹ್ನ ಮೂರು ಗಂಟೆಗೆ ಬೋರಲಿಂಗಯ್ಯನ ತೋಟಕ್ಕೆ ಹೋದರು. ಊರಿಗೆಲ್ಲ ಸೂರು ಹೊದಿಸಿದವನ ಹುಳುಮನೆಗೆ ಸೂರೇ ಇರಲಿಲ್ಲ. ಕಳವಾದ ತಗಡುಗಳು ಹಿಂದಿನ ಗೋಡೆಗೆ ಸಾಲಾಗಿ ಒರಗಿದ್ದವು. ಅವನು ಕುಕ್ಕರಗಾಲಲ್ಲಿ ಕೂತು ಒಂದರ ಅಂಚಿನ ಮೇಲೆ ಅಂಗೈ ಆಡಿಸುತ್ತಿದ್ದ. ಪೊಲೀಸರನ್ನು ನೋಡಿಯೂ ಏಳಲಿಲ್ಲ.

"ಇವು ಯಾರವು?"

"ಗೊತ್ತಿಲ್ಲ ಸಾ. ಅದನ್ನೇ ನೋಡ್ತಿವ್ನಿ."

"ಏನು ನೋಡ್ತಿದ್ದೀಯ?"

"ನನ್ ಮಗೀಗೆ ಬಡ್ದಿದ್ದು ಯಾವ್ದು ಅಂತ."

ನಿಂತಲ್ಲೇ ನಿಂತು ಮೂವರೂ ಕೇಳಿದರು. ಅಂದು ಮಗಳ ಮೇಲಿನ ತಗಡನ್ನು ಕಿತ್ತೆಸೆದವನು ಅವನೇ. ಅದರ ಹರಿದ ಮೂಲೆ ಅವನ ಅಂಗೈಯನ್ನು ಸೀಳಿತ್ತು. ಆ ತಗಡಿನ ಕಡೆ ತಿರುಗಿಯೂ ನೋಡದೆ ಮಗಳನ್ನು ಎತ್ತಿಕೊಂಡು ಓಡಿದ್ದ. ಆಮೇಲೆ ಮನೆಯಲ್ಲಿ ಕೂರಲಾಗದೆ ಸಂಘದ ಕೆಲಸಕ್ಕೆ ಸೇರಿದ. ಸ್ಕೂಲಿನ ರಾಶಿಯಿಂದ ತಗಡು ಎತ್ತಿ ಎತ್ತಿ ಮನೆಮನೆಗೆ ಹೊದಿಸಿದ. ಚಿಕ್ಕಲಕ್ಷ್ಮಮ್ಮನ ಸೂರು ಮುಗಿಸಿ ಇಳಿದಾಗ ಅವಳ ಮೊಮ್ಮಗಳು ಅದರ ಕೆಳಗೆ, ಹುಳುಮನೆಯ ಜಗಲಿಯಲ್ಲಿ ನಿದ್ದೆ ಮಾಡುತ್ತಿದ್ದಳು. ಆಗ ಅವನಿಗೆ ಹೊಳೆಯಿತು.

"ನನ್ ಕೈಯಾರೆ ಅದನ್ನ ಯಾರ್ದೋ ಮನೆ ಮೇಲೆ ಹೊದಿಸ್ಬುಟ್ಟಿವ್ನಿ ಸಾ. ಗಾಳಿ ಬಂದ್ರೆ ಅದು ಮತ್ತೆ ಏಳ್ತದೆ."

"ಸಂಘದವರಿಗೆ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಊರಲ್ಲಿ ಯಾರ್ ನಿದ್ದೆ ಮಾಡ್ತಿದ್ರು?"

ಹುಡುಕುತ್ತಿದ್ದದ್ದು ಸಿಕ್ಕಿತೇ ಎಂದು ಅನಂತರಾಜು ಕೇಳಿದ. ಕೇಳಬೇಕಾದ ಪ್ರಶ್ನೆ ಅದಲ್ಲ, ಆದರೂ ಕೇಳಿದ. ಬೋರಲಿಂಗಯ್ಯ ಇಲ್ಲವೆಂದು ತಲೆಯಾಡಿಸಿದ. ಮೂಲೆಗಳನ್ನೆಲ್ಲ ಕತ್ತರಿಸಿದ್ದರು. ಎಲ್ಲವೂ ಕೈಗೆ ಒಂದೇ ಥರ ತಾಕುತ್ತಿದ್ದವು.

ನಾಲ್ಕೂವರೆಗೆ ಜಪ್ತಿ ಪಂಚನಾಮೆ ಮುಗಿಯಿತು. ಪಂಚರಾಗಿ ಬಂದಿದ್ದ ಊರವರ ಬಾಯಿಂದ ಅವನು ಹೇಳಿದ್ದು ಮನೆಮನೆಗೂ ಹಬ್ಬಿತು. ಬೋರಲಿಂಗಯ್ಯನನ್ನು ದಸ್ತಗಿರಿ ಮಾಡಿ ಜೀಪಿಗೆ ಹತ್ತಿಸಿದರು. ಅವನು ತಕರಾರು ಮಾಡಲಿಲ್ಲ. ತಗಡುಗಳನ್ನು ಟೆಂಪೋದಲ್ಲಿ ತಂದು ಠಾಣೆಯ ಹಿತ್ತಲಲ್ಲಿ ಇಟ್ಟರು. ಗಾಳಿ ಬಂದಾಗ ಅವು ಸದ್ದು ಮಾಡುತ್ತಿದ್ದವು. ಶುಕೂರ್ ಹೋಗಿ ಮೇಲೆ ಕಲ್ಲು ಹೇರಿ ಬಂದ. ವರದಿಯಲ್ಲಿ ಅನಂತರಾಜು, ಆರೋಪಿಗೆ ಲಾಭದ ಉದ್ದೇಶ ಕಂಡುಬಂದಿಲ್ಲ ಎಂದು ಬರೆದ. ಬೇರೆ ಏನು ಬರೆಯಬೇಕೆಂದು ಅವನಿಗೆ ತೋಚಲಿಲ್ಲ.

ಕೋರ್ಟಿಗೆ ಅರ್ಜಿ ಹಾಕಿ ತಗಡು ಬಿಡಿಸಿಕೊಳ್ಳಿ ಎಂದು ಮನೆಯವರಿಗೆಲ್ಲ ಬುಧವಾರ ಹೇಳಿ ಕಳಿಸಿದರು. ಯಾರೂ ಬರಲಿಲ್ಲ.

ಗುರುವಾರ ಸಂಜೆ ಜ್ಯೋತಿಲಕ್ಷ್ಮಿ ಒಬ್ಬಳೇ ಬಂದಳು. ಇಂಜಿನಿಯರ್‌ಗೆ ತೋರಿಸಲು ಎಫ್‌ಐಆರ್ ಪ್ರತಿ ಬೇಕಿರಬಹುದೆಂದು ಅನಂತರಾಜು ತೆಗೆದಿಟ್ಟಿದ್ದ. ನೀವು ಕದ್ದಿಲ್ಲವೆಂದು ಊರಿಗೆ ಗೊತ್ತಾಯಿತಲ್ಲ, ಇನ್ನು ತಲೆ ಎತ್ತಿ ನಡೆಯಿರಿ ಎಂದ. ಆಕೆ ಪ್ರತಿಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದಳು.

"ಬೋರಲಿಂಗಣ್ಣಂಗೆ ಜಾಮೀನು ಯಾವಾಗ ಸಾ?"

"ನಾಳೆ ಆಗಬಹುದು. ಯಾಕೆ?"

"ನಮ್ ಸೂರಿನ ಮೇಲೂ ಹಳೇವು ಅವೆ. ಅವ್ನು ಇನ್ನೂ ನಮ್ಮನೆ ತಂಕ ಬಂದಿರ್ನಿಲ್ಲ." ಆಕೆ ಹೊರಗೆ ನೋಡಿದಳು. "ನನ್ ಮಕ್ಳು ಜಗಲೀಲಿ ಅದರ ಕೆಳಗೇ ಮಲಗ್ತವೆ. ಒಸಿ ಬಂದು ಮುಟ್ಟಿ ನೋಡು ಅಂತ ನೀವು ಹೇಳ್ತೀರಾ ಸಾ? ದೂರು ಕೊಟ್ಟೋಳು ನಾನು. ನಾನ್ ಹೆಂಗ್ ಕೇಳ್ಲಿ?"